ಖಾಲಿ ತೋಟಾದ ಹಿಂಭಾಗ ಓದೋದು ಹೇಗೆ?

ಟೆಕ್ಸಾಸ್‌ಗೆ ಓದೋಕೆ ಬಂದ ನಮ್ಮಂಥವರಿಗೆ ಮೊದಲ ವರ್ಷ ಆಶ್ಚರ್ಯ ಹುಟ್ಟಿಸೋ ಸಂಗತಿಗಳಲ್ಲಿ ಬೇಟೆಯ ಹಂಗಾಮು ಒಂದು. ನವೆಂಬರ್ ಮೊದಲ ಶನಿವಾರ ಬಿಳಿಬಾಲದ ಜಿಂಕೆಯ ಸೀಸನ್ ಶುರುವಾಗುತ್ತೆ. ಅಷ್ಟರಲ್ಲಿ ಲ್ಯಾಬಿನ ಸಹಪಾಠಿ, ರೂಮ್‌ಮೇಟು, ಕೆಲವು ಸಲ ಪ್ರೊಫೆಸರ್ ಕೂಡ ರಾಂಚಿನ ಮಾತಾಡ್ತಿರ್ತಾರೆ. ಹೊಸ ರೈಫಲ್ ತಗೊಂಡವರು ಮೊದಲು ರೇಂಜ್‌ಗೆ ಹೋಗಿ ಗುರಿ ಸರಿಮಾಡ್ಕೊಂಡು ಬರ್ತಾರೆ, ಜೊತೆಗೆ ಒಂದು ಹಿಡಿ ಖಾಲಿ ತೋಟಾ ತರ್ತಾರೆ. ಅವುಗಳ ಹಿಂಭಾಗ ನೋಡಿ "ಇದೇನು ಹಿಂಗಾಗಿದೆ? ಸರಿಯಿದೆಯಾ, ಕೆಟ್ಟಿದೆಯಾ?" ಅಂತ ಕೇಳೋದು ಇಲ್ಲಿ ಬಹಳ ಮಾಮೂಲಿ.

ಆ ಪ್ರಶ್ನೆಗೆ ಉತ್ತರ ಹುಡುಕ್ತಾ ಹೋದ್ರೆ ಅದು ಬರೀ ಬೇಟೆಯವರ ವಿಷಯ ಅಲ್ಲ ಅಂತ ಗೊತ್ತಾಗುತ್ತೆ. ಅರ್ಧ ಸೆಂಟಿಮೀಟರ್ ಅಗಲದ ಆ ಲೋಹದ ಬಿಲ್ಲೆಯಲ್ಲಿ ಮೆಟೀರಿಯಲ್ ಸೈನ್ಸ್ ಇದೆ, ಡಲ್ಲಾಸಿನ ಇತಿಹಾಸ ಇದೆ, ನಮ್ಮ ಧಾರವಾಡ ಮತ್ತು ಬೆಂಗಳೂರಿನ ಎರಡು ಕೊಲೆಗಳ ತನಿಖೆ ಇದೆ. ಕೊನೆಗೆ ಎಫ್-1 ವೀಸಾದಲ್ಲಿರೋ ನಮ್ಮ ತಲೆಗೇ ಬರಬಹುದಾದ ಒಂದು ಕಾನೂನೂ ಇದೆ. ಅದಕ್ಕೇ ಈ ವರ್ಷದ ಪುಸ್ತಿಕೆಗೆ ಈ ಲೇಖನ.

ಮೊದಲು ಪದಗಳು

ಕೋವಿಗೆ ಸಂಬಂಧಪಟ್ಟ ಒಳ್ಳೊಳ್ಳೆ ಪದಗಳು ಕನ್ನಡದಲ್ಲೇ ಇವೆ. ಕೋವಿ, ನಳಿಗೆ, ಮದ್ದು, ಗುಂಡು, ಚರೆ, ಈಡು, ತೋಟಾ. ತೇಜಸ್ವಿ ಅನುವಾದಿಸಿದ ಕೆನೆತ್ ಆಂಡರ್ಸನ್ನನ ಕಾಡಿನ ಕಥೆಗಳನ್ನ ಓದಿದವರಿಗೆ ಇವೆಲ್ಲ ಪರಿಚಿತ. ಮಲೆನಾಡು, ಕೊಡಗಿನ ಕಡೆಯವರಿಗಂತೂ ಹೇಳೋದೇ ಬೇಡ. ಕೈಲ್‌ಪೊಳ್ದಿನಲ್ಲಿ ಕೋವಿಗೆ ಹೂವಿಟ್ಟು ಪೂಜೆ ಮಾಡೋ ಮನೆಗಳಿಂದ ಬಂದವರು ನಮ್ಮಲ್ಲೂ ಇರಬಹುದು. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಕೋವಿ ಲೈಸೆನ್ಸಿನಿಂದ ಇರೋ ವಿನಾಯಿತಿಯನ್ನ ಕೇಂದ್ರ ಸರ್ಕಾರ 2019ರಲ್ಲಿ ಇನ್ನೂ 10 ವರ್ಷಕ್ಕೆ, ಅಂದ್ರೆ 2029ರವರೆಗೆ ಮುಂದುವರಿಸಿತು. ಆದರೆ ಬೇಟೆ ಬೇರೆ ಮಾತು: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಮೇಲೆ ಭಾರತದಲ್ಲಿ ಅದು ನಿಷಿದ್ಧ.

ಹಳೇ ಕಾಲದ ಕೇಪಿನ ಕೋವಿಯಲ್ಲಿ ನಳಿಗೆಯ ಬಾಯಿಂದ ಮದ್ದು, ಗುಂಡು ಹಾಕಿ ಜಡಿದು, ಹಿಂದುಗಡೆ ಒಂದು ಪುಟ್ಟ ಕೇಪು ಕೂರಿಸ್ತಿದ್ರು. ಕುದುರೆ ಬಿದ್ದು ಕೇಪಿಗೆ ಏಟು ತಗುಲಿದ್ರೆ ಕಿಡಿ, ಕಿಡಿಯಿಂದ ಮದ್ದು, ಮದ್ದಿನಿಂದ ಈಡು. ಏಟು ಬಿದ್ದ ತಕ್ಷಣ ಸಿಡಿಯೋ ರಾಸಾಯನಿಕವನ್ನ ಕೋವಿಗೆ ಬಳಸೋ ಉಪಾಯಕ್ಕೆ 1807ರಲ್ಲಿ ಪೇಟೆಂಟ್ ತಗೊಂಡವನು ಅಲೆಕ್ಸಾಂಡರ್ ಫೋರ್ಸಿತ್ ಅನ್ನೋ ಸ್ಕಾಟ್ಲೆಂಡಿನ ಪಾದ್ರಿ. ಇವತ್ತಿನ ತೋಟಾದಲ್ಲಿ ಅದೇ ಕೇಪು ಹಿತ್ತಾಳೆ ಚಿಪ್ಪಿನ ತಳಕ್ಕೆ ಬಂದು ಕೂತಿದೆ. ಇಂಗ್ಲಿಷಿನವರು ಅದನ್ನ ಪ್ರೈಮರ್ ಅಂತಾರೆ. ನಾವು ಈ ಲೇಖನದಲ್ಲಿ ಕೇಪು ಅಂತಲೇ ಕರೀತೀವಿ, ಕೆಲಸ ಅದೇ ತಾನೆ.

ಹಾಗಾಗಿ ಒಂದು ತೋಟಾದಲ್ಲಿ ನಾಲ್ಕು ಭಾಗ: ಹಿತ್ತಾಳೆ ಚಿಪ್ಪು, ಮದ್ದು, ಮುಂದೆ ಗುಂಡು, ಹಿಂದೆ ಕೇಪು. ರೈಫಲ್ ತೋಟಾಗಳ ದೊಡ್ಡ ಕೇಪಿನ ಅಡ್ಡಳತೆ ಸುಮಾರು 5.3 ಮಿಲಿಮೀಟರ್, ಚಿಕ್ಕದ್ದು ಸುಮಾರು 4.4 ಮಿಲಿಮೀಟರ್. ಒಳಗೆ ಸಾಮಾನ್ಯವಾಗಿ ಸೀಸದ ಸ್ಟಿಫ್ನೇಟ್, ಬೇರಿಯಂ ನೈಟ್ರೇಟ್, ಆಂಟಿಮನಿ ಸಲ್ಫೈಡ್‌ಗಳ ಮಿಶ್ರಣ ಒಂದು ಚಿಟಿಕೆಯಷ್ಟೂ ಇರಲ್ಲ. ಸೀಸ ಇರೋದ್ರಿಂದ ರೇಂಜಿನಿಂದ ಬಂದಮೇಲೆ ಕೈ ತೊಳೀದೆ ಏನೂ ತಿನ್ನಬಾರದು ಅನ್ನೋದು ಇಲ್ಲೇ ಹೇಳಿಬಿಡಬೇಕಾದ ಮಾತು.

ಗುರುತು ಮೂಡೋದು ಹೇಗೆ?

ಟ್ರಿಗರ್ ಒತ್ತಿದಾಗ ಬೋಲ್ಟಿನ ಒಳಗಿಂದ ಫೈರಿಂಗ್ ಪಿನ್ ಅನ್ನೋ ಕಡ್ಡಿ ಮುಂದೆ ಹಾರಿ ಕೇಪಿಗೆ ಕುಟ್ಟುತ್ತೆ. ಕೇಪು ಸಿಡಿಯುತ್ತೆ, ಮದ್ದು ಹತ್ತಿಕೊಳ್ಳುತ್ತೆ, ಒತ್ತಡ ಏರುತ್ತೆ. ಎಷ್ಟು ಏರುತ್ತೆ? ಮನೆಯ ಪ್ರೆಷರ್ ಕುಕ್ಕರ್ ವಿಷಲ್ ಹಾಕೋದು ಸುಮಾರು 15 ಪಿಎಸ್‌ಐನಲ್ಲಿ. ಟೆಕ್ಸಾಸಿನಲ್ಲಿ ಜಿಂಕೆ ಬೇಟೆಗೆ ಜನ ಬಳಸೋ .308 ವಿಂಚೆಸ್ಟರ್ ತೋಟಾಕ್ಕೆ ಅಮೆರಿಕದ ತಯಾರಕರ ಸಂಸ್ಥೆ ಎಸ್‌ಎಎಎಂಐ ಇಟ್ಟಿರೋ ಗರಿಷ್ಠ ಮಿತಿ 62,000 ಪಿಎಸ್‌ಐ. ಅಂದ್ರೆ ಕುಕ್ಕರಿನ ನಾಲ್ಕು ಸಾವಿರ ಪಟ್ಟು. ಹಳೇ .30-30ಕ್ಕೆ ಇದೇ ಮಿತಿ 42,000, .270 ವಿಂಚೆಸ್ಟರಿಗೆ 65,000.

ಆ ಒತ್ತಡದಲ್ಲಿ ಕೇಪಿನ ಮೆತ್ತನೆ ಲೋಹ ಹಿಂದಕ್ಕೆ ದಬ್ಬಿಸಿಕೊಂಡು ಬೋಲ್ಟಿನ ಮುಖಕ್ಕೆ ಒತ್ತಿಕೊಳ್ಳುತ್ತೆ. ಅರಗಿನ ಮೇಲೆ ಮುದ್ರೆ ಒತ್ತಿದ ಹಾಗೆ ಅಂದ್ಕೊಳ್ಳಿ. ಬೋಲ್ಟಿನ ಮುಖದಲ್ಲಿ ಏನೇನಿದೆಯೋ, ಲೇತ್ ಬಿಟ್ಟ ಗೆರೆ, ಅರ ಉಜ್ಜಿದ ಗೀರು, ಸಣ್ಣ ಮುಳ್ಳು, ಪಿನ್ ಬರೋ ರಂಧ್ರದ ಅಂಚು, ಎಲ್ಲ ತಿರುಗುಮುರುಗಾಗಿ ಕೇಪಿನ ಮೇಲೆ ಅಚ್ಚಾಗುತ್ತೆ.

ಇನ್ನೊಂದು ವಿಷಯ ಇಲ್ಲೇ ತಿಳ್ಕೋಬೇಕು, ಮುಂದಿನ ಅರ್ಧ ಲೇಖನ ಅದರ ಮೇಲೇ ನಿಂತಿದೆ. ಪಿನ್ನಿನ ಏಟಿಗೆ ತೋಟಾ ಮೊದಲು ಸ್ವಲ್ಪ ಮುಂದಕ್ಕೆ ಸರಿಯುತ್ತೆ. ಕೇಪು ಸಿಡಿದಾಗ ಅದು ತನ್ನ ಗುಳಿಯಿಂದ ಹಿಂದಕ್ಕೆ ಎದ್ದು ಬೋಲ್ಟಿಗೆ ತಾಗುತ್ತೆ. ಒತ್ತಡ ಏರಿದಂತೆ ಚಿಪ್ಪಿನ ತೆಳು ಗೋಡೆ ಉಬ್ಬಿ ಚೇಂಬರಿಗೆ ಕಚ್ಚಿಕೊಳ್ಳುತ್ತೆ. ಒತ್ತಡ ಇನ್ನೂ ಏರಿದಾಗ ಚಿಪ್ಪಿನ ದಪ್ಪ ತಳ ಹಿಂದಕ್ಕೆ ಎಳೆದುಕೊಂಡು ಬಂದು ಬೋಲ್ಟಿಗೆ ಬಡಿಯುತ್ತೆ, ಹೊರಬಂದ ಕೇಪು ಮತ್ತೆ ಗುಳಿಯೊಳಗೆ ಕೂರುತ್ತೆ. ಇದೆಲ್ಲ ಸೆಕೆಂಡಿನ ಸಾವಿರದ ಒಂದು ಭಾಗದ ಆಸುಪಾಸಿನಲ್ಲಿ. ಚೇಂಬರಿನಲ್ಲಿ ತೋಟಾಕ್ಕೆ ಹಿಂದೆ ಮುಂದೆ ಇರೋ ಜಾಗದ ಅಳತೆಗೆ ಹೆಡ್‌ಸ್ಪೇಸ್ ಅಂತ ಹೆಸರು. ಅದು ಜಾಸ್ತಿಯಿದ್ದಷ್ಟೂ ಈ ಎಳೆದಾಟ ಜಾಸ್ತಿ.

ಯಾವ ಗುರುತಿಗೆ ಏನರ್ಥ?

ಸರಿಯಾದ ಗುರುತು ಹೀಗಿರುತ್ತೆ: ಕೇಪಿನ ಮಧ್ಯದಲ್ಲಿ ದುಂಡನೆಯ, ನಯವಾದ ಒಂದು ಗುಂಡಿ, ಪಡ್ಡಿನ ಕಾವಲಿಯ ಒಂದು ಗುಳಿಯನ್ನ ಕುಗ್ಗಿಸಿದ ಹಾಗೆ. ಕೇಪಿನ ಹೊರ ಅಂಚು ಸ್ವಲ್ಪ ದುಂಡಗೆ ಉಳಿದಿರುತ್ತೆ, ತಳ ಸಮಮಟ್ಟದಲ್ಲಿರುತ್ತೆ, ಮಸಿ ಇರಲ್ಲ. ಇದಕ್ಕಿಂತ ಬೇರೆ ಕಂಡದ್ದೆಲ್ಲ ಅಪಾಯ ಅಂತಲ್ಲ. ಒಂದೊಂದಾಗಿ ನೋಡೋಣ.

ಗುಂಡಿಯ ಸುತ್ತ ಎದ್ದ ದಿಬ್ಬ. ಜ್ವಾಲಾಮುಖಿಯ ಬಾಯಿಯ ಥರ ಗುಂಡಿಯ ಸುತ್ತ ಲೋಹ ಉಬ್ಬಿರುತ್ತೆ. ಬೆರಳುಗುರು ಎಳೆದ್ರೆ ತಟ್ಟುತ್ತೆ. ಹೊಸ ರೈಫಲಿನವರು ಜಾಸ್ತಿ ಗಾಬರಿಯಾಗೋದು ಇದಕ್ಕೇ. ಕಾರಣ ಎರಡಿರಬಹುದು. ಒಂದು, ಒತ್ತಡ ನಿಜವಾಗ್ಲೂ ಜಾಸ್ತಿ. ಎರಡು, ಬೋಲ್ಟಿನಲ್ಲಿ ಪಿನ್ ಬರೋ ರಂಧ್ರ ಪಿನ್ನಿಗಿಂತ ದೊಡ್ಡದು, ಅಥವಾ ಪಿನ್ನಿನ ಸ್ಪ್ರಿಂಗ್ ಬಲ ಕಮ್ಮಿ. ಆಗ ಸಾಮಾನ್ಯ ಒತ್ತಡದಲ್ಲೂ ಕೇಪಿನ ಲೋಹ ಆ ಸಂದಿಗೆ ಹರಿಯುತ್ತೆ. ಕಾರ್ಖಾನೆಯ ತೋಟಾ, ಬೋಲ್ಟ್ ಹಗುರವಾಗಿ ಎದ್ದಿದೆ, ಬೇರೆ ಯಾವ ಲಕ್ಷಣವೂ ಇಲ್ಲ ಅಂದ್ರೆ ಎರಡನೇ ಕಾರಣವೇ ಇರೋ ಸಾಧ್ಯತೆ ಹೆಚ್ಚು. ಬೇರೆ ಕಂಪನಿಯ ತೋಟಾದಲ್ಲೂ ಅದೇ ಅಚ್ಚು ಬಂದ್ರೆ ಅನುಮಾನ ಇನ್ನೂ ಬೋಲ್ಟಿನ ಕಡೆ ವಾಲುತ್ತೆ.

ಚಪ್ಪಟೆಯಾದ ಕೇಪು. ಅಂಚಿನ ದುಂಡು ಹೋಗಿ, ಲೋಹ ಗುಳಿಯ ಮೂಲೆಮೂಲೆಗೂ ತುಂಬಿಕೊಂಡಿರುತ್ತೆ. ಹೆಚ್ಚಿನ ಒತ್ತಡದ ಲಕ್ಷಣ ಅಂತ ಎಲ್ಲರೂ ಹೇಳ್ತಾರೆ, ಅದು ಪೂರ್ತಿ ನಿಜ ಅಲ್ಲ. ಹೆಡ್‌ಸ್ಪೇಸ್ ಜಾಸ್ತಿಯಿದ್ರೆ ಕೇಪು ಮೊದಲು ಹೊರಬಂದು, ಆಮೇಲೆ ತಳ ಬಂದು ಬಡಿದಾಗ ಜಜ್ಜಿಹೋಗುತ್ತೆ. ಹಾಗಾಗಿ ಸಾಧಾರಣ ಒತ್ತಡದಲ್ಲೂ ಚಪ್ಪಟೆ ಕೇಪು ಬರಬಹುದು. ಕೆಲವು ಕಂಪನಿಯ ಕೇಪುಗಳ ಲೋಹವೇ ಮೆತ್ತಗೆ, ಅದೂ ಒಂದು ಕಾರಣ.

ಹೊರಚಾಚಿದ ಕೇಪು. ತಳವನ್ನ ಮೇಜಿನ ಮೇಲಿಟ್ರೆ ತೋಟಾ ಓಲಾಡುತ್ತೆ. ನೋಡಿದವರು ಒತ್ತಡ ಜಾಸ್ತಿಯಾಗಿ ಹೊರಬಂತು ಅಂದ್ಕೋತಾರೆ, ಸಾಮಾನ್ಯವಾಗಿ ಉಲ್ಟಾ. ಒತ್ತಡ ಕಮ್ಮಿಯಾಗಿ ಚಿಪ್ಪಿನ ತಳ ಹಿಂದಕ್ಕೆ ಬಾರದೇ ಇದ್ದಾಗ ಕೇಪು ಅಲ್ಲೇ ಉಳಿಯುತ್ತೆ. ಆದರೆ ಎಷ್ಟು ಚಾಚಿದೆಯೋ ಅಷ್ಟು ಸಂದಿ ಚೇಂಬರಿನಲ್ಲಿ ಇದೆ ಅನ್ನೋದನ್ನೂ ಅದು ತೋರಿಸುತ್ತೆ. ಹೊಸ ರೈಫಲಿನಲ್ಲಿ, ಪೂರ್ಣ ಬಲದ ತೋಟಾದಲ್ಲಿ ಹೀಗಾದ್ರೆ ಗನ್‌ಸ್ಮಿತ್ ಹತ್ತಿರ ತೋರಿಸಲೇಬೇಕು.

ತೂತುಬಿದ್ದ ಕೇಪು. ಗುಂಡಿಯ ತಳದಲ್ಲಿ ಸೂಜಿಮೊನೆಯಷ್ಟು ರಂಧ್ರ, ಇಲ್ಲವೇ ಬಿಲ್ಲೆಯೇ ಕತ್ತರಿಸಿಹೋಗಿರುತ್ತೆ, ಸುತ್ತ ಮಸಿ. ಇಲ್ಲಿ ಎರಡನೇ ಮಾತಿಲ್ಲ, ನಿಲ್ಲಿಸಬೇಕು. ಅಷ್ಟು ಒತ್ತಡದ ಬಿಸಿ ಅನಿಲ ಹಿಂದಕ್ಕೆ, ಅಂದ್ರೆ ಗುರಿಯಿಡೋನ ಮುಖದ ಕಡೆಗೆ ದಾರಿ ಮಾಡ್ಕೊಂಡಿದೆ ಅಂತ ಅರ್ಥ. ರೇಂಜಿನಲ್ಲಿ ಕಣ್ಣಿಗೆ ಕನ್ನಡಕ ಕಡ್ಡಾಯ ಮಾಡೋ ಕಾರಣಗಳಲ್ಲಿ ಇದೂ ಒಂದು.

ತೆಳು ಏಟು. ಗುಂಡಿ ಆಳವಿಲ್ಲ, ತೋಟಾ ಹಾರಿಲ್ಲ. ಹೊಸ ರೈಫಲಿನಲ್ಲಿ ಸಾಮಾನ್ಯ ಕಾರಣ, ತುಕ್ಕು ಹಿಡೀಬಾರದು ಅಂತ ಕಾರ್ಖಾನೆಯಲ್ಲಿ ಹಚ್ಚಿದ ಎಣ್ಣೆ, ಗ್ರೀಸು ಬೋಲ್ಟಿನ ಒಳಗೆ ಹಾಗೇ ಉಳಿದಿರೋದು. ಚಳಿಯ ಬೆಳಗಿನಲ್ಲಿ ಅದು ಗಟ್ಟಿಯಾಗಿ ಪಿನ್ನಿನ ವೇಗ ಕಮ್ಮಿ ಮಾಡುತ್ತೆ. ಸ್ಪ್ರಿಂಗ್ ಬಲ ಕಮ್ಮಿ ಇರಬಹುದು, ಕೇಪೇ ಗಡಸು ಇರಬಹುದು. ಟ್ರಿಗರ್ ಒತ್ತಿ ಈಡು ಹಾರದೇ ಇದ್ರೆ ತಕ್ಷಣ ಬೋಲ್ಟ್ ತೆಗೀಬೇಡಿ. ನಳಿಗೆಯನ್ನ ಗುರಿಯ ದಿಕ್ಕಿನಲ್ಲೇ ಹಿಡಿದು ಕನಿಷ್ಠ 30 ಸೆಕೆಂಡು ಕಾಯಬೇಕು. ಕೆಲವೊಮ್ಮೆ ಮದ್ದು ತಡವಾಗಿ ಹತ್ತಿಕೊಳ್ಳುತ್ತೆ.

ಮಧ್ಯ ತಪ್ಪಿದ ಗುಂಡಿ. ಸ್ವಲ್ಪ ಆಚೀಚೆ ಇದ್ರೆ ಚಿಂತೆಯಿಲ್ಲ, ಎಷ್ಟೋ ಕಾರ್ಖಾನೆ ರೈಫಲುಗಳಲ್ಲಿ ಇರುತ್ತೆ. ಕೇಪಿನ ಅಂಚಿಗೇ ಹೋಗಿದ್ರೆ ಬೋಲ್ಟ್ ಮತ್ತು ಚೇಂಬರ್ ಒಂದೇ ಗೆರೆಯಲ್ಲಿಲ್ಲ ಅಂತ, ಈಡು ತಪ್ಪೋ ಸಂಭವವೂ ಜಾಸ್ತಿ.

ಬಾಲವಿರೋ ಗುಂಡಿ. ಗುಂಡಿಯಿಂದ ಒಂದು ಕಡೆಗೆ ಗೀರು ಎಳೆದಿರುತ್ತೆ. ಪಿನ್ ಪೂರ್ತಿ ಹಿಂದೆ ಸರಿಯೋ ಮುಂಚೆ ನಳಿಗೆ ಅಲ್ಲಾಡಿದ್ರೆ ಹೀಗಾಗುತ್ತೆ. ನಳಿಗೆ ಬಾಗೋ ಪಿಸ್ತೂಲುಗಳಲ್ಲಿ, ಮುರಿದು ತೋಟಾ ಹಾಕೋ ಕೋವಿಗಳಲ್ಲಿ ಇದು ಸಹಜ. ಸಾಧಾರಣ ಬೋಲ್ಟ್ ರೈಫಲಿನಲ್ಲಿ ಕಂಡ್ರೆ ಮಾತ್ರ ಪಿನ್, ಸ್ಪ್ರಿಂಗ್ ಪರೀಕ್ಷೆ ಮಾಡಿಸಬೇಕು.

ಗೆರೆ, ಬಳೆ, ಚುಕ್ಕೆ. ಗುಂಡಿಯ ಹೊರಗೆ ಬಳೆಬಳೆಯಾಗಿ ಅಥವಾ ಸಾಲಾಗಿ ಸೂಕ್ಷ್ಮ ಗೆರೆಗಳು, ಪ್ರತಿ ತೋಟಾದಲ್ಲೂ ಅದೇ ಜಾಗದಲ್ಲಿ ಒಂದು ಪುಟ್ಟ ಚುಕ್ಕೆ. ಇದು ಬಹುಪಾಲು ಬೋಲ್ಟಿನ ಮುಖದ ಮೇಲೆ ಯಂತ್ರ ಬಿಟ್ಟ ಗುರುತು ಅಥವಾ ಉಳಿದ ಲೋಹದ ಮುಳ್ಳು. ಹೊಸ ರೈಫಲಿನಲ್ಲಿ ಎದ್ದು ಕಾಣುತ್ತೆ, ನೂರಾರು ಈಡು ಆದಮೇಲೆ ಸ್ವಲ್ಪ ಮಾಸಬಹುದು. ಆದರೆ ಗುರುತು ಕೇಪಿನ ಮೇಲಲ್ಲದೆ ಪಕ್ಕದ ಹಿತ್ತಾಳೆ ತಳದ ಮೇಲೆ ದುಂಡಗೆ ಹೊಳೀತಿದ್ರೆ ಎಚ್ಚರ. ಅದು ತೋಟಾ ಹೊರದಬ್ಬೋ ಎಜೆಕ್ಟರಿನ ರಂಧ್ರಕ್ಕೆ ಹಿತ್ತಾಳೆ ಹರಿದದ್ದು. ಹಿತ್ತಾಳೆ ತಳ ಕೇಪಿಗಿಂತ ಎಷ್ಟೋ ಗಟ್ಟಿ, ಅದೇ ಹರೀಬೇಕಾದ್ರೆ ಒತ್ತಡ ಜಾಸ್ತಿಯೇ ಆಗಿರಬೇಕು.

ಹಾರದ ತೋಟಾದ ಮೇಲೆ ಚುಕ್ಕೆ. ಎಆರ್-15 ಮಾದರಿಯ ರೈಫಲಿಗೆ ತೋಟಾ ಹಾಕಿ, ಹಾರಿಸದೆ ಹೊರತೆಗೆದ್ರೆ ಕೇಪಿನ ಮೇಲೆ ಸಾಸಿವೆಕಾಳಷ್ಟು ಗುರುತು ಕಾಣುತ್ತೆ. ಅದರ ಪಿನ್ನಿಗೆ ಹಿಂದೆ ಹಿಡಿದಿಡೋ ಸ್ಪ್ರಿಂಗ್ ಇಲ್ಲ, ಬೋಲ್ಟ್ ಮುಚ್ಚಿದ ರಭಸಕ್ಕೆ ಮುಂದೆ ಬಂದು ಮುಟ್ಟುತ್ತೆ. ವಿನ್ಯಾಸವೇ ಹಾಗೆ. ಆದ್ರೆ ಅದೇ ತೋಟಾವನ್ನ ಮತ್ತೆ ಮತ್ತೆ ಹಾಕಿ ತೆಗೆಯೋದು ಬೇಡ.

ಹೊಸ ರೈಫಲ್ ಇದ್ರೆ ಏನು ಮಾಡ್ಬೇಕು?

ಒಂದೇ ಲಕ್ಷಣ ನೋಡಿ ತೀರ್ಪು ಕೊಡಬಾರದು ಅನ್ನೋದು ಮೇಲಿನದ್ದರ ಸಾರ. ನಾಡಿ ನೋಡೋ ವೈದ್ಯ ನಾಲಿಗೆಯನ್ನೂ ನೋಡ್ತಾನಲ್ವಾ, ಹಾಗೆ. ಕೇಪಿನ ಜೊತೆಗೆ ನೋಡಬೇಕಾದ್ದು ಮೂರು: ಬೋಲ್ಟ್ ಎತ್ತೋಕೆ ಕಷ್ಟವಾಯ್ತಾ, ತಳದಲ್ಲಿ ಹೊಳಪಿನ ಗುರುತಿದೆಯಾ, ಚಿಪ್ಪಿನ ತಳದಿಂದ ಒಂದು ಸೆಂಟಿಮೀಟರ್ ಮೇಲೆ ಸುತ್ತಲೂ ಹೊಳೆಯೋ ಬಳೆ ಇದೆಯಾ. ಆ ಬಳೆ ಇದ್ರೆ ಹಿತ್ತಾಳೆ ಅಲ್ಲಿ ಎಳೆದು ತೆಳುವಾಗಿದೆ, ಮುಂದೊಂದು ಈಡಿಗೆ ಚಿಪ್ಪು ಎರಡಾಗಬಹುದು.

ಆಮೇಲೆ ಈ ಕ್ರಮ ಅನುಸರಿಸೋದು ಒಳ್ಳೇದು.

1. ನಳಿಗೆಯ ಮೇಲೆ ಕೊರೆದಿರೋ ಹೆಸರು, ತೋಟಾದ ತಳದ ಮೇಲಿರೋ ಹೆಸರು ಒಂದೇನಾ ಅಂತ ಅಕ್ಷರಕ್ಕೆ ಅಕ್ಷರ ನೋಡಿ. ಚೇಂಬರಿಗೆ ಹೊಂದೋದೆಲ್ಲ ಸರಿಯಾದ ತೋಟಾ ಅಲ್ಲ. .300 ಬ್ಲ್ಯಾಕ್‌ಔಟ್ ತೋಟಾ .223ರ ರೈಫಲಿಗೆ ಹೋಗಿಬಿಟ್ರೆ ಕೋವಿಯೇ ಸಿಡಿಯುತ್ತೆ.

2. ಮೊದಲ ಈಡಿಗೆ ಮುಂಚೆಯೇ ಬೋಲ್ಟು, ಚೇಂಬರು, ನಳಿಗೆ ಶುಚಿ ಮಾಡಿ. ಚೇಂಬರಿನಲ್ಲಿ ಎಣ್ಣೆ ಉಳಿದ್ರೆ ಚಿಪ್ಪು ಗೋಡೆಗೆ ಕಚ್ಚಿಕೊಳ್ಳದೆ ಜಾರಿ, ಬೋಲ್ಟಿನ ಮೇಲೆ ಬೀಳೋ ಭಾರ ಹೆಚ್ಚಾಗುತ್ತೆ.

3. ತೋಟಾದ ಡಬ್ಬಿಯನ್ನ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಬಿಡಬೇಡಿ. ಕಾದ ಮದ್ದು ಒತ್ತಡ ಏರಿಸುತ್ತೆ. ಹ್ಯೂಸ್ಟನ್ನಿನ ಆಗಸ್ಟ್ ಬಿಸಿಲು ನಿಮಗೆ ಗೊತ್ತಲ್ಲ.

4. ಅನುಮಾನದ ತೋಟಾಗಳನ್ನ ಬೇರೆ ಕವರಿನಲ್ಲಿಟ್ಟು ಯಾವ ಕಂಪನಿ, ಯಾವ ಲಾಟ್, ಎಷ್ಟನೇ ಈಡು ಅಂತ ಬರೆದಿಡಿ. ಗನ್‌ಸ್ಮಿತ್ ಕೈಗೆ ಇದು ಚಿನ್ನ. ಅವರು ಗೋ, ನೋ-ಗೋ ಅನ್ನೋ ಅಳತೆ ಕಡ್ಡಿಗಳಿಂದ ಹೆಡ್‌ಸ್ಪೇಸನ್ನ ನಿಮಿಷದಲ್ಲಿ ಪರೀಕ್ಷಿಸ್ತಾರೆ.

5. ನೀವೇ ಅರ ಹಿಡಿದು ಬೋಲ್ಟಿನ ಮುಖ ಉಜ್ಜಬೇಡಿ. ವಾರಂಟಿ ಹೋಗುತ್ತೆ ಅನ್ನೋದು ಸಣ್ಣ ಮಾತು, ಉಜ್ಜಿದಷ್ಟೂ ಹೆಡ್‌ಸ್ಪೇಸ್ ಹೆಚ್ಚುತ್ತೆ ಅನ್ನೋದು ದೊಡ್ಡ ಮಾತು.

ಗುರುತು ಸಾಕ್ಷಿಯಾದಾಗ

ಬೋಲ್ಟಿನ ಮುಖದ ಗೀರುಗಳು ಒಂದು ಕೋವಿಯದ್ದು ಇನ್ನೊಂದರ ಹಾಗಿರಲ್ಲ, ಒಂದೇ ಯಂತ್ರದಲ್ಲಿ ಹಿಂದುಮುಂದೆ ತಯಾರಾದ್ರೂ ಸೂಕ್ಷ್ಮವಾಗಿ ಬೇರೆ ಅನ್ನೋ ನಂಬಿಕೆಯ ಮೇಲೆ ಒಂದು ವಿಜ್ಞಾನ ಶಾಖೆಯೇ ಬೆಳೆದಿದೆ. 1920ರ ದಶಕದಲ್ಲಿ ಕ್ಯಾಲ್ವಿನ್ ಗೊಡಾರ್ಡ್ ಮತ್ತು ಅವರ ಸಂಗಡಿಗರು ಎರಡು ವಸ್ತುವನ್ನ ಒಂದೇ ಕಣ್ಣಳತೆಯಲ್ಲಿ ಪಕ್ಕಪಕ್ಕ ತೋರಿಸೋ ಸೂಕ್ಷ್ಮದರ್ಶಕವನ್ನ ಇದಕ್ಕೆ ಬಳಸಿದರು. 1929ರ ಶಿಕಾಗೋ ವ್ಯಾಲೆಂಟೈನ್ಸ್ ದಿನದ ಹತ್ಯಾಕಾಂಡದ ತನಿಖೆಯಿಂದ ಅದಕ್ಕೆ ಹೆಸರು ಬಂತು.

ಡಲ್ಲಾಸಿನಲ್ಲಿರೋರು ಒಂದಲ್ಲ ಒಂದು ದಿನ ಡೀಲಿ ಪ್ಲಾಜಾದ ಸಿಕ್ಸ್ತ್ ಫ್ಲೋರ್ ಮ್ಯೂಸಿಯಂಗೆ ಹೋಗಿರ್ತೀರಿ. 1963ರ ನವೆಂಬರ್ 22ರಂದು ಅಧ್ಯಕ್ಷ ಕೆನಡಿಯವರ ಹತ್ಯೆಯಾದ ಮೇಲೆ ಅದೇ ಕಟ್ಟಡದ ಆರನೇ ಮಹಡಿಯ ಕಿಟಕಿ ಬಳಿ ಮೂರು ಖಾಲಿ ತೋಟಾ ಸಿಕ್ಕವು, ಅದೇ ಮಹಡಿಯಲ್ಲಿ 6.5 ಮಿಲಿಮೀಟರಿನ ಇಟಾಲಿಯನ್ ಕಾರ್ಕಾನೋ ರೈಫಲ್ ಸಿಕ್ತು. ಪರಿಣತರು ಆ ರೈಫಲಿನಿಂದ ಬೇರೆ ತೋಟಾ ಹಾರಿಸಿ, ಪಿನ್ನಿನ ಗುಂಡಿ ಮತ್ತು ಬೋಲ್ಟ್ ಮುಖದ ಅಚ್ಚನ್ನ ಹೋಲಿಸಿ, ಮೂರೂ ಅದೇ ರೈಫಲಿನವು ಅಂತ ವಾರನ್ ಆಯೋಗಕ್ಕೆ ಹೇಳಿದರು. ಆ ದಿನದ ಬಗ್ಗೆ ಇವತ್ತಿಗೂ ನೂರು ವಾದಗಳಿವೆ. ಯಾವ ವಾದವೂ ಆ ಮೂರು ತೋಟಾಗಳನ್ನ ದಾಟದೆ ಮುಂದೆ ಹೋಗೋಕಾಗಲ್ಲ.

ನಮ್ಮೂರಿನ ಕಡೆಗೆ ಬರೋಣ. ಹಂಪಿ ಕನ್ನಡ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ, ವಚನ ಸಾಹಿತ್ಯದ ಸಂಶೋಧಕ ಎಂ.ಎಂ. ಕಲಬುರ್ಗಿಯವರನ್ನ 2015ರ ಆಗಸ್ಟ್ 30ರ ಬೆಳಗ್ಗೆ ಧಾರವಾಡದ ಮನೆಯಲ್ಲಿ ಗುಂಡಿಟ್ಟು ಕೊಂದರು. ಎರಡು ವರ್ಷದ ಮೇಲೆ, 2017ರ ಸೆಪ್ಟೆಂಬರ್ 5ರ ರಾತ್ರಿ, ಪತ್ರಕರ್ತೆ ಗೌರಿ ಲಂಕೇಶರನ್ನ ಬೆಂಗಳೂರಿನ ರಾಜರಾಜೇಶ್ವರಿ ನಗರದ ಮನೆಯ ಮುಂದೆ ಕೊಂದರು. ಎರಡೂ ಕಡೆ 7.65 ಮಿಲಿಮೀಟರಿನ ನಾಡಪಿಸ್ತೂಲು. ಖಾಲಿ ತೋಟಾಗಳ ಮೇಲಿನ ಗುರುತುಗಳನ್ನ ಹೋಲಿಸಿದ ವಿಧಿವಿಜ್ಞಾನ ಪ್ರಯೋಗಾಲಯ ಎರಡಕ್ಕೂ ಬಳಸಿದ್ದು ಒಂದೇ ಪಿಸ್ತೂಲು ಅಂತ ಹೇಳಿತು, ವಿಶೇಷ ತನಿಖಾ ತಂಡ ಅದನ್ನ ಆಧಾರವಾಗಿಟ್ಕೊಂಡಿತು. ಧಾರವಾಡದ ಒಂದು ಬೆಳಗು, ಬೆಂಗಳೂರಿನ ಒಂದು ರಾತ್ರಿ, ನಡುವೆ ನಾನೂರು ಕಿಲೋಮೀಟರ್ ಮತ್ತು ಎರಡು ವರ್ಷ. ಆ ಎರಡನ್ನ ಒಂದೇ ದಾರದಲ್ಲಿ ಪೋಣಿಸಿದ್ದು ಪುಟ್ಟ ಹಿತ್ತಾಳೆ ಚಿಪ್ಪುಗಳು. ಯಾರು ತಪ್ಪಿತಸ್ಥರು ಅನ್ನೋದನ್ನ ಹೇಳಬೇಕಾದ್ದು ನ್ಯಾಯಾಲಯ. ಪಿಸ್ತೂಲಿಗೆ ಹೆಸರು ಗೊತ್ತಿರುತ್ತೆ, ಅದನ್ನ ಹಿಡಿದ ಕೈಯ ಹೆಸರು ಕೇಪಿನ ಮೇಲೆ ಬರೆದಿರಲ್ಲ.

ಈ ವಿಜ್ಞಾನಕ್ಕೂ ಮಿತಿಗಳಿವೆ. ಗುರುತು ಹೊಂದುತ್ತೆ ಅನ್ನೋದು ಕೊನೆಗೆ ಒಬ್ಬ ಪರಿಣತನ ಕಣ್ಣಿನ ತೀರ್ಮಾನ. 2016ರಲ್ಲಿ ಅಮೆರಿಕದ ಅಧ್ಯಕ್ಷರ ವಿಜ್ಞಾನ ಸಲಹಾ ಮಂಡಳಿ ಈ ವಿಧಾನದ ತಪ್ಪಿನ ಪ್ರಮಾಣ ಎಷ್ಟು ಅಂತ ಅಳೆಯೋ ಸರಿಯಾದ ಅಧ್ಯಯನಗಳು ಸಾಲದು ಅಂತ ಹೇಳಿತು. ಗುರುತು ಕಾಲಕ್ಕೆ ತಕ್ಕಂತೆ ಸವೆದು ಬದಲಾಗುತ್ತೆ ಅನ್ನೋದೂ ಇದೆ. ಮೇರಿಲ್ಯಾಂಡ್ ರಾಜ್ಯ 2000ದಿಂದ ಮಾರಾಟವಾಗೋ ಪ್ರತಿ ಹೊಸ ಕೈಬಂದೂಕಿನ ಒಂದು ಖಾಲಿ ತೋಟಾವನ್ನ ಸಂಗ್ರಹಿಸಿಡೋ ಯೋಜನೆ ಮಾಡಿತ್ತು. ಅಂದುಕೊಂಡ ಫಲ ಸಿಗದೆ 2015ರಲ್ಲಿ ಕೈಬಿಟ್ಟಿತು.

ಟೆಕ್ಸಾಸಿಗೂ ಪಾಠ ಆಗಿದೆ. ಹ್ಯೂಸ್ಟನ್ ಪೊಲೀಸರ ಪ್ರಯೋಗಾಲಯದ ಡಿಎನ್‌ಎ ವಿಭಾಗವನ್ನ ತಪ್ಪುಗಳು ಬಯಲಾಗಿ 2002ರಲ್ಲಿ ಮುಚ್ಚಬೇಕಾಯ್ತು. 2005ರಲ್ಲಿ ಶಾಸನಸಭೆ ಟೆಕ್ಸಾಸ್ ವಿಧಿವಿಜ್ಞಾನ ಆಯೋಗವನ್ನ ಸ್ಥಾಪಿಸಿತು, ಅದರ ಕಚೇರಿ ಆಸ್ಟಿನ್ನಿನಲ್ಲಿದೆ. 2014ರಲ್ಲಿ ಹ್ಯೂಸ್ಟನ್ನಿನ ಪ್ರಯೋಗಾಲಯ ಪೊಲೀಸ್ ಇಲಾಖೆಯಿಂದ ಬೇರೆಯಾಗಿ ಸ್ವತಂತ್ರ ಕೇಂದ್ರವಾಯ್ತು. ಗುರುತು ಓದೋನು ತನಿಖೆ ಮಾಡೋನ ಕೈಕೆಳಗೆ ಇರಬಾರದು ಅನ್ನೋದು ಇದರ ಹಿಂದಿನ ಸರಳ ವಿವೇಕ. ಅಂಕಿಅಂಶ, ಇಮೇಜ್ ಪ್ರೊಸೆಸಿಂಗ್, ಮೆಷಿನ್ ಲರ್ನಿಂಗ್ ಓದ್ತಿರೋ ನಮ್ಮಲ್ಲಿ ಯಾರಿಗಾದ್ರೂ ಥೀಸಿಸ್ ವಿಷಯ ಬೇಕಿದ್ರೆ ಇಲ್ಲಿ ಕೆಲಸ ಬೇಕಾದಷ್ಟಿದೆ.

ವೀಸಾದಲ್ಲಿರೋರು ದಯವಿಟ್ಟು ಇದನ್ನ ಓದಿ

ಲೇಖನದ ಉಳಿದದ್ದು ಮರೆತರೂ ಪರವಾಗಿಲ್ಲ, ಈ ಭಾಗ ಮರೀಬೇಡಿ.

ಅಮೆರಿಕದ ಫೆಡರಲ್ ಕಾನೂನಿನ ಪ್ರಕಾರ ವಲಸೆಯೇತರ ವೀಸಾದಲ್ಲಿ ಬಂದವರು ಕೋವಿಯನ್ನಾಗಲೀ ತೋಟಾವನ್ನಾಗಲೀ ಹೊಂದಿರುವಂತಿಲ್ಲ. ಎಫ್-1, ಜೆ-1, ಎಚ್-1ಬಿ ಎಲ್ಲ ಇದರಲ್ಲಿ ಬಂತು. ಹೊಂದಿರೋದು ಅಂದ್ರೆ ಕೊಂಡುಕೊಳ್ಳೋದು ಮಾತ್ರ ಅಲ್ಲ, ರೇಂಜಿನಲ್ಲಿ ಸ್ನೇಹಿತನ ರೈಫಲ್ ಕೈಗೆ ತಗೊಳ್ಳೋದೂ ಆಗಬಹುದು. ಕೆಲವು ವಿನಾಯಿತಿಗಳಿವೆ. ವಿದ್ಯಾರ್ಥಿಗಳಿಗೆ ಮುಖ್ಯವಾದದ್ದು, ಅಮೆರಿಕದ ಯಾವುದಾದರೂ ರಾಜ್ಯ ಕಾನೂನುಬದ್ಧವಾಗಿ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ನಿಮ್ಮ ಬಳಿ ಇರಬೇಕು. ಮೀರಿದ್ರೆ ಶಿಕ್ಷೆ 15 ವರ್ಷದವರೆಗೆ ಇದೆ, ಗಡೀಪಾರು ಬೇರೆ.

ಇಲ್ಲೊಂದು ಗುಂಡಿ ಇದೆ, ಕೇಪಿನ ಗುಂಡಿಗಿಂತ ಆಳವಾದದ್ದು. ಟೆಕ್ಸಾಸಿನಲ್ಲಿ ಕಾಡುಹಂದಿಗಳ ಕಾಟ ವಿಪರೀತ, 20 ಲಕ್ಷಕ್ಕೂ ಹೆಚ್ಚು ಇವೆ ಅಂತ ಅಂದಾಜು. ಅದಕ್ಕೇ 2019ರ ಸೆಪ್ಟೆಂಬರ್ 1ರಿಂದ ಜಮೀನಿನ ಮಾಲೀಕರ ಒಪ್ಪಿಗೆ ಇದ್ರೆ ಖಾಸಗಿ ಜಮೀನಿನಲ್ಲಿ ಹಂದಿ ಹೊಡೆಯೋಕೆ ರಾಜ್ಯದ ಬೇಟೆ ಲೈಸೆನ್ಸ್ ಬೇಕಿಲ್ಲ. "ಬಾರೋ, ಹಂದಿಗೆ ಲೈಸೆನ್ಸೇ ಬೇಡ" ಅಂತ ಸ್ನೇಹಿತ ಕರೆಯೋದು ಸುಳ್ಳಲ್ಲ. ಅವನು ಅಮೆರಿಕದ ಪ್ರಜೆ, ಅವನಿಗೆ ಅದು ಸರಿ. ನಮಗೆ ರಾಜ್ಯದ ಕಾನೂನು ಬೇಡ ಅಂದ್ರೂ ಫೆಡರಲ್ ಕಾನೂನಿಗಾಗಿ ಆ ಲೈಸೆನ್ಸ್ ಬೇಕೇ ಬೇಕು. ಬೇಟೆಗೆ ಹೋಗೋದಾದ್ರೆ 1971ರ ಸೆಪ್ಟೆಂಬರ್ 2 ಅಥವಾ ಆಮೇಲೆ ಹುಟ್ಟಿದವರೆಲ್ಲ ಟೆಕ್ಸಾಸಿನ ಬೇಟೆ ಶಿಕ್ಷಣದ ನಿಯಮವನ್ನೂ ಪಾಲಿಸಬೇಕು. ಅಂದ್ರೆ ನಾವೆಲ್ಲರೂ.

ಕಾನೂನು ಇಷ್ಟು ಕಟ್ಟುನಿಟ್ಟು ಅನ್ನೋದಕ್ಕೆ ಸುಪ್ರೀಂ ಕೋರ್ಟಿನವರೆಗೆ ಹೋದ ಪ್ರಕರಣವೇ ಇದೆ. ವಿದ್ಯಾರ್ಥಿ ವೀಸಾದಲ್ಲಿ ಬಂದ ರೆಹೈಫ್ ಅನ್ನೋ ಯುವಕನನ್ನ ಅಂಕಗಳು ಕಮ್ಮಿಯಾಗಿ ವಿಶ್ವವಿದ್ಯಾಲಯ ಹೊರಹಾಕಿತು, ವೀಸಾ ಸ್ಥಿತಿ ಹೋಯ್ತು. ಆಮೇಲೆ ಫ್ಲೋರಿಡಾದ ಒಂದು ರೇಂಜಿಗೆ ಹೋಗಿ ಗುರಿ ಅಭ್ಯಾಸ ಮಾಡಿದ್ದಕ್ಕೆ ಫೆಡರಲ್ ಮೊಕದ್ದಮೆ. ತನ್ನ ಸ್ಥಿತಿ ಏನು ಅಂತ ಆರೋಪಿಗೆ ಗೊತ್ತಿತ್ತು ಅನ್ನೋದನ್ನೂ ಸರ್ಕಾರ ಸಾಬೀತು ಮಾಡಬೇಕು ಅಂತ 2019ರಲ್ಲಿ ಕೋರ್ಟು ಹೇಳಿತು. ಈ ಲೇಖನ ಓದಿದ ಮೇಲೆ "ನನಗೆ ಗೊತ್ತಿರಲಿಲ್ಲ" ಅನ್ನೋ ಮಾತು ನಮಗಂತೂ ಉಳಿದಿಲ್ಲ.

ಖಾಲಿ ತೋಟಾದ ವಿಷಯವೂ ಅಷ್ಟೇ. ಫೆಡರಲ್ ಕಾನೂನಿನ ವ್ಯಾಖ್ಯೆಯಲ್ಲಿ ಮದ್ದುಗುಂಡು ಅಂದ್ರೆ ತುಂಬಿದ ತೋಟಾ ಮಾತ್ರ ಅಲ್ಲ. ಚಿಪ್ಪು, ಕೇಪು, ಗುಂಡು, ಮದ್ದು ಬಿಡಿಬಿಡಿಯಾಗಿಯೂ ಅದರಲ್ಲಿ ಬರುತ್ತವೆ. ನೆನಪಿಗೆ ಇರಲಿ ಅಂತ ಜೇಬಿಗೆ ಹಾಕ್ಕೊಂಡು, ಅದೇ ಬ್ಯಾಗಿನಲ್ಲಿ ಊರಿಗೆ ಹೊರಟ್ರೆ ಇನ್ನೊಂದು ತಲೆನೋವು. ಭಾರತದ ವಿಮಾನ ನಿಲ್ದಾಣಗಳಲ್ಲಿ ಬ್ಯಾಗಿನ ಮೂಲೆಯಲ್ಲಿ ಒಂದು ತೋಟಾ ಸಿಕ್ಕರೂ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪೊಲೀಸ್ ಠಾಣೆ ಹತ್ತಬೇಕಾಗುತ್ತೆ. ಅದು ಖಾಲಿ, ಇದು ನೆನಪಿಗೆ ಅಂತ ವಿವರಿಸ್ತಾ ಕೂರೋ ಹೊತ್ತಿಗೆ ಬೆಂಗಳೂರಿನಿಂದ ಹುಬ್ಬಳ್ಳಿ ಬಸ್ಸೂ ಹೋಗಿರುತ್ತೆ. ಊರಿಗೆ ಹೊರಡೋ ಮುಂಚೆ ರೇಂಜಿಗೆ ಒಯ್ದ ಬ್ಯಾಗನ್ನ ತಲೆಕೆಳಗು ಮಾಡಿ ಝಾಡಿಸಿ, ಸಾಧ್ಯವಾದ್ರೆ ಬೇರೆ ಬ್ಯಾಗೇ ತಗೊಂಡು ಹೋಗಿ.

ಯಾವುದೇ ಅನುಮಾನ ಇದ್ರೆ ಮೊದಲು ಕ್ಯಾಂಪಸ್ಸಿನ ಅಂತಾರಾಷ್ಟ್ರೀಯ ವಿದ್ಯಾರ್ಥಿ ಕಚೇರಿ, ಆಮೇಲೆ ವಲಸೆ ವಕೀಲರು. ನಮ್ಮ ಲೇಖನ ಅವರ ಮಾತಿಗೆ ಬದಲಿ ಅಲ್ಲ.

ಕೊನೇ ಮಾತು

ರೈಫಲ್ ಯಾರದ್ದೇ ಆಗಿರಲಿ, ಅದರ ಖಾಲಿ ತೋಟಾ ಸ್ನೇಹಿತರ ಮೇಜಿನ ಮೇಲೆ ಕಂಡ್ರೆ ಒಮ್ಮೆ ಬಗ್ಗಿ ನೋಡಿ, ಮುಟ್ಟೋದೇನೂ ಬೇಕಿಲ್ಲ. ಗುಂಡಿ ನಯವಾಗಿದೆಯಾ, ದಿಬ್ಬ ಎದ್ದಿದೆಯಾ, ಮಸಿ ಇದೆಯಾ. ತೂತು ಕಂಡ್ರೆ ಅಥವಾ ಹಿತ್ತಾಳೆಯ ಮೇಲೆ ಹೊಳೆಯೋ ಗುರುತು ಕಂಡ್ರೆ "ಇದನ್ನ ಗನ್‌ಸ್ಮಿತ್‌ಗೆ ತೋರಿಸೋವರೆಗೂ ಇನ್ನೊಂದು ಈಡು ಬೇಡ" ಅಂತ ಹೇಳಿ. ಅಷ್ಟು ಹೇಳೋಕೆ ಲೈಸೆನ್ಸ್ ಬೇಡ, ವೀಸಾನೂ ಅಡ್ಡಬರಲ್ಲ, ಒಬ್ಬರ ಕಣ್ಣು ಉಳಿಯಬಹುದು.